ಸಾದಲಿಯ ಮನೆಗಳು ಕಾಣದ ಪತಂಗ

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಯಲ್ಲಿ ರೇಷ್ಮೆಹುಳುವನ್ನು ಅರಿಯದ ಮಗುವಿಲ್ಲ. ಹುಳು ಎಂದು ಜ್ವರಕ್ಕೆ ಕುಳಿತಿತು, ಎಂದು ಎದ್ದಿತು, ಹಣ್ಣಾದ ಹುಳುವನ್ನು ಯಾವ ಹೊತ್ತಿಗೆ ಚಂದ್ರಿಕೆಗೆ ಬಿಡಬೇಕು ಎಂಬುದೆಲ್ಲ ಪಾಠಪುಸ್ತಕಕ್ಕಿಂತ ಮೊದಲೇ ಮನೆಯಲ್ಲಿ ಕಲಿತ ವಿದ್ಯೆ. ಆದರೆ ಗೂಡು ಕಟ್ಟಿದ ಮೇಲೆ ಹುಳು ಏನಾಗುತ್ತದೆ ಎಂದು ಕೇಳಿದರೆ, "ಮಾರ್ಕೆಟ್ಟಿಗೆ ಹೋಗುತ್ತದೆ" ಎಂಬಲ್ಲಿಗೆ ಉತ್ತರ ನಿಂತುಬಿಡುತ್ತದೆ. ಉತ್ತರವೇನೋ ಸುಳ್ಳಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜಾದ ಗೂಡು ರೀಲರುಗಳ ಕೈಸೇರಿ, ಬಿಸಿಗಾಳಿಗೋ ಹಬೆಗೋ ಒಡ್ಡಲ್ಪಟ್ಟು, ಒಳಗಿನ ಜೀವ ಅಲ್ಲಿಯೇ ಮುಗಿಯುತ್ತದೆ. ಹೀಗಾಗಿ ತಲೆಮಾರುಗಳಿಂದ ಹುಳು ಸಾಕಿದ ಮನೆಯವರೂ ಆ ಹುಳು ಮುಂದೆ ಆಗಬೇಕಾಗಿದ್ದ ಪತಂಗವನ್ನು ಕಣ್ಣಾರೆ ಕಂಡಿರುವುದು ಅಪರೂಪ. ಆ ಮನೆಗಳ ಬದುಕೆಲ್ಲ ನಿಂತಿರುವುದು ಮಾತ್ರ ಆ ಪತಂಗದ ಆರೋಗ್ಯದ ಮೇಲೆಯೇ.

ಪತಂಗದ ಮೂಲ ಸ್ವಭಾವವನ್ನು ತಿಳಿಯಬೇಕಾದರೆ ಮೊದಲು ಅದರ ಕಾಡಿನ ಬಂಧುಗಳನ್ನು ನೋಡಬೇಕು. ದಖ್ಖನಿನ ಕಾಡುಗಳಲ್ಲಿ ಮತ್ತಿ, ಹೊಳೆಮತ್ತಿ ಮರಗಳ ಎಲೆಯನ್ನು ಮೇಯುವ ಟಸರ್ ಹುಳುವಿದೆ. ಹಿಮಾಲಯದ ತಪ್ಪಲಿನಲ್ಲಿಯೂ ಮಣಿಪುರದ ಬೆಟ್ಟಗಳಲ್ಲಿಯೂ ಇದರ ಹತ್ತಿರದ ನೆಂಟ ಓಕ್ ಮರವನ್ನೇ ಆಶ್ರಯಿಸಿದೆ. ನಮ್ಮ ಬಯಲುಸೀಮೆಯಲ್ಲಿ ಓಕ್ ಮರವಿಲ್ಲ. ಅದನ್ನು ಮಣಿಪುರದವರು ಉಯುಂಗ್ ಎಂದು ಕರೆಯುತ್ತಾರೆ. ಅಲ್ಲಿನ ಕಾಡು ತಳಿಯನ್ನೂ ಚೀನಾದ ಓಕ್ ಟಸರ್ ತಳಿಯನ್ನೂ ಕೂಡಿಸಿ ನಮ್ಮ ವಿಜ್ಞಾನಿಗಳು 1960ರ ದಶಕದ ಕೊನೆಯಲ್ಲಿ ಹೊಸದೊಂದು ಮಿಶ್ರ ತಳಿಯನ್ನು ಪಡೆದರು. ಈ ಪತಂಗಗಳು ಅಂಗೈಯನ್ನು ಮೀರಿ ರೆಕ್ಕೆ ಚಾಚುವಂಥವು. ನಾಲ್ಕು ರೆಕ್ಕೆಗಳ ಮೇಲೂ ಗಾಜಿನ ಬಿಲ್ಲೆಯಂತಹ ಕಣ್ಣುಗುರುತು. ಹುಳುಗಳು ಬಯಲಿನ ಮರದ ಮೇಲೆಯೇ ಬೆಳೆಯುವುದರಿಂದ ಸಾಕುವವನು ಹಕ್ಕಿ, ಇರುವೆ, ಕಣಜಗಳಿಂದ ಅವನ್ನು ಹಗಲೆಲ್ಲ ಕಾಯಬೇಕು. ಪತಂಗವಾದರೋ ಸ್ವತಂತ್ರ: ಹಾರಬಲ್ಲದು, ತನ್ನ ಜೋಡಿಯನ್ನು ತಾನೇ ಹುಡುಕಿಕೊಳ್ಳಬಲ್ಲದು.

ಹಿಪ್ಪುನೇರಳೆಯ ರೇಷ್ಮೆಹುಳುವಿಗೆ ಈ ಸ್ವಾತಂತ್ರ್ಯವಿಲ್ಲ. ಸಾವಿರಾರು ವರ್ಷಗಳ ಹಿಂದೆ ಚೀನಾದಲ್ಲಿ ಕಾಡುಹುಳುವೊಂದನ್ನು ಮನೆಯೊಳಗೆ ತಂದು ಸಾಕಿದ ಮನುಷ್ಯನು, ಹೆಚ್ಚು ನೂಲು ಕೊಡುವುದನ್ನೂ ತಟ್ಟೆಯಿಂದ ಕದಲದಿರುವುದನ್ನೂ ಆಯ್ದು ಆಯ್ದು ಬೆಳೆಸಿದನು. ಇಂದು ಅದರ ಪತಂಗಕ್ಕೆ ರೆಕ್ಕೆಯಿದ್ದೂ ಹಾರಾಟವಿಲ್ಲ. ಬಾಯಿ ನಿರುಪಯುಕ್ತವಾದ್ದರಿಂದ ಅದು ಏನನ್ನೂ ತಿನ್ನದು. ಹುಳುವಾಗಿದ್ದಾಗ ತಿಂದ ಸೊಪ್ಪಿನ ಸಾರದಲ್ಲಿಯೇ ಕೆಲವು ದಿನ ಬದುಕುತ್ತದೆ. ಮೊಟ್ಟೆಯೊಡೆದ ದಿನಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ತೂಕ ಬೆಳೆಯುವ ಹುಳುವಿನ ಹೊಟ್ಟೆಬಾಕತನಕ್ಕೆ ಇದೇ ಕಾರಣವೆಂದು ತಿಳಿದರೆ, ಐದನೆಯ ಹಂತದಲ್ಲಿ ಹಗಲಿರುಳೂ ಸೊಪ್ಪು ಹೊರುವ ತಾಯಂದಿರಿಗೆ ಆ ದುಡಿಮೆಯ ಅರ್ಥವಾದರೂ ತಿಳಿದೀತು.

ಗೂಡು ಕಟ್ಟಿ ಹತ್ತು ಹನ್ನೆರಡು ದಿನಗಳಾದ ಮೇಲೆ, ಸಾಮಾನ್ಯವಾಗಿ ಬೆಳಗಿನ ಹೊತ್ತು, ಪತಂಗವು ಬಾಯಿಂದ ಒಂದು ದ್ರವವನ್ನು ಸುರಿಸಿ ಗೂಡಿನ ಒಂದು ತುದಿಯನ್ನು ನೆನೆಸಿ, ಎಳೆಗಳನ್ನು ಸರಿಸಿ ಹೊರಬರುತ್ತದೆ. ನೂರಾರು ಮೀಟರ್ ಉದ್ದದ ಒಂದೇ ಎಳೆಯಾಗಿ ಬಿಚ್ಚಿಕೊಳ್ಳಬೇಕಾದ ಗೂಡು ಹೀಗೆ ತೂತಾದರೆ ಬಿಚ್ಚಾಣಿಕೆಗೆ ಬಾರದು. ಪತಂಗ ಉಳಿದರೆ ನೂಲಿಲ್ಲ, ನೂಲು ಉಳಿದರೆ ಪತಂಗವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿಯು ತನ್ನ ವಚನವೊಂದರಲ್ಲಿ ತೆರಣಿಯ ಹುಳುವಿನ ಉಪಮೆಯನ್ನು ತಂದು, ಅದು ತನ್ನ ನೂಲಿನಲ್ಲಿ ತಾನೇ ಸಿಲುಕಿ ಸಾಯುವುದನ್ನು ಮನಸ್ಸಿನ ಬಯಕೆಗೆ ಹೋಲಿಸಿದ್ದಾಳೆ. ಉಪಮೆ ಅನುಭಾವದ್ದು, ಅದನ್ನು ಕೀಟಶಾಸ್ತ್ರದ ತಕ್ಕಡಿಯಲ್ಲಿ ತೂಗಲಾಗದು. ಆದರೂ ವಿದ್ಯಾರ್ಥಿಗಳು ಇಷ್ಟನ್ನು ಅರಿತಿರಬೇಕು: ಬಿಟ್ಟರೆ ಹುಳು ತನ್ನ ಗೂಡಿನಿಂದ ಹೊರಬರುವ ದಾರಿಯನ್ನು ಬಲ್ಲದು.

ಹೊರಬರಲು ಬಿಡುವ ತಾಣವೊಂದಿದೆ. ಅದೇ ಬಿತ್ತನೆ ಕೋಠಿ. ರೈತನು ತನ್ನ ಗೂಡಿನಲ್ಲಿಯೇ ನಾಲ್ಕನ್ನು ಉಳಿಸಿಕೊಂಡು ಮುಂದಿನ ಬೆಳೆಗೆ ಮೊಟ್ಟೆ ಮಾಡಿಕೊಳ್ಳಬಾರದೇಕೆ ಎಂಬ ಪ್ರಶ್ನೆ ಸಹಜ. ಇಲ್ಲಿ ಬಹುಪಾಲು ಸಾಕುವುದು ಮೈಸೂರು ತಳಿಯ ತಾಯಿಗೂ ಬಿಳಿಗೂಡಿನ ದ್ವಿತಳಿಯ ತಂದೆಗೂ ಹುಟ್ಟಿದ ಮಿಶ್ರ ಸಂತಾನ. ಅದರ ಮರಿಗಳಲ್ಲಿ ಆ ಗುಣ ಹಾಗೆಯೇ ನಿಲ್ಲದು. ಮತ್ತೊಂದು ಕಾರಣ ಇನ್ನೂ ಗಂಭೀರವಾದುದು, ರೋಗ. 1959ರ ಕಾಯಿದೆಯು ಪರವಾನಗಿಯಿಲ್ಲದೆ ಬಿತ್ತನೆ ಮೊಟ್ಟೆ ತಯಾರಿಸುವುದನ್ನು ತಡೆದದ್ದು ಅದಕ್ಕಾಗಿಯೇ.

ಕೋಠಿಯಲ್ಲಿ ಬೆಳಗ್ಗೆ ಪತಂಗಗಳು ಹೊರಬಂದಾಗ ಹೆಣ್ಣು ಕುಳಿತಲ್ಲಿಯೇ ಇರುತ್ತದೆ. ಗಂಡು ರೆಕ್ಕೆ ಬಡಿಯುತ್ತ ಸುತ್ತುತ್ತ ಅದರ ಕಡೆಗೆ ಸರಿಯುತ್ತದೆ. ಗಂಡನ್ನು ಸೆಳೆಯುವುದು ಹೆಣ್ಣಿನ ಒಡಲ ತುದಿಯಿಂದ ಹೊಮ್ಮುವ ಒಂದು ವಾಸನೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಬುಟೆನಾಂಟ್ ಸುಮಾರು ಐದು ಲಕ್ಷ ಹೆಣ್ಣು ಪತಂಗಗಳಿಂದ ಈ ವಸ್ತುವನ್ನು ಬೇರ್ಪಡಿಸಿ 1959ರಲ್ಲಿ ಪ್ರಕಟಿಸಿದನು. ಕೀಟಗಳ ಇಂತಹ ಸಂಕೇತ ವಸ್ತುಗಳಲ್ಲಿ ಮೊದಲು ಪತ್ತೆಯಾದದ್ದು ಇದೇ. ಕೆಲವು ಗಂಟೆಗಳ ಕೂಟದ ಬಳಿಕ ಜೋಡಿಯನ್ನು ಕೈಯಿಂದ ಬಿಡಿಸುತ್ತಾರೆ. ಗಂಡನ್ನು ತಂಪಿನಲ್ಲಿಟ್ಟು ಮತ್ತೊಮ್ಮೆ ಬಳಸುವುದುಂಟು. ಹೆಣ್ಣನ್ನು ಹಾಳೆಯ ಮೇಲಿಟ್ಟು ಪುಟ್ಟ ಮುಚ್ಚಳ ಹಾಕಿ ಕತ್ತಲಲ್ಲಿ ಬಿಡುತ್ತಾರೆ. ಮರುದಿನಕ್ಕೆ ನಾನೂರು ಐನೂರು ಮೊಟ್ಟೆಗಳು ದುಂಡಗೆ ಹಾಳೆಗಂಟಿರುತ್ತವೆ. ರೈತರು "100 ಮೊಟ್ಟೆ ಮೇಯಿಸಿದೆವು" ಎನ್ನುವಾಗ ಅದು ನೂರು ಕಾಳಿನ ಲೆಕ್ಕವಲ್ಲ, ನೂರು ತಾಯಂದಿರ ಲೆಕ್ಕ. ಹುಳುಗಳು ನಲವತ್ತು ಐವತ್ತು ಸಾವಿರ.

ಮೊಟ್ಟೆಯಿಟ್ಟ ತಾಯಿಗೆ ಇನ್ನೊಂದು ಕೆಲಸ ಉಳಿದಿದೆ. ಗಂಟುರೋಗ ಅಥವಾ ಪೆಬ್ರಿನ್ ಎಂಬ ವ್ಯಾಧಿಯು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಯಿಂದ ಬರುವಂಥದು. ಇದು ಸೊಪ್ಪಿನಿಂದಲೂ ಹಿಕ್ಕೆಯಿಂದಲೂ ಹರಡುವುದಲ್ಲದೆ ತಾಯಿಯ ಒಡಲಿನಿಂದ ಮೊಟ್ಟೆಯೊಳಕ್ಕೇ ಇಳಿಯುತ್ತದೆ. ಮೊಟ್ಟೆ ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ. ಚಾಕಿ ಮುಗಿದ ಮೇಲೆ ಹುಳು ಒಂದೇ ಸಮನಾಗಿ ಬೆಳೆಯದು, ಜ್ವರ ಒಟ್ಟಿಗೆ ಏಳದು, ಸೊಪ್ಪು, ಕೂಲಿ, ಸಾಲ ಎಲ್ಲವೂ ತಿಪ್ಪೆಗೆ ಬೀಳುತ್ತವೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇದು ಫ್ರಾನ್ಸಿನ ರೇಷ್ಮೆ ಸೀಮೆಗಳನ್ನು ಹಾಳುಗೆಡವಿತು. 1865ರಲ್ಲಿ ಲೂಯಿ ಪಾಶ್ಚರನು ಅಲ್ಲಿಯ ಅಲೆಸ್ ಪಟ್ಟಣಕ್ಕೆ ಹೋದನು. ಅದುವರೆಗೆ ರೇಷ್ಮೆಹುಳುವನ್ನು ಮುಟ್ಟಿಯೂ ಅರಿಯದವನು. ಐದು ವರ್ಷಗಳ ಅಧ್ಯಯನದ ನಂತರ ಅವನು ಹೇಳಿದ ಉಪಾಯ ಅತಿ ಸರಳ: ಪ್ರತಿ ತಾಯಿಯ ಮೊಟ್ಟೆಯನ್ನೂ ಬೇರೆ ಬೇರೆ ಇಡಿ, ಆಮೇಲೆ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ರೋಗದ ಕಣ ಕಂಡರೆ ಅದರ ಮೊಟ್ಟೆಯನ್ನು ನಾಶಮಾಡಿ. ಒಂದೂವರೆ ಶತಮಾನ ಕಳೆದರೂ ಬಿತ್ತನೆ ಕೋಠಿಗಳು ಅನುಸರಿಸುವುದು ಈ ತತ್ತ್ವವನ್ನೇ.

ಟಿಪ್ಪುಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ಈ ಕಸುಬು ರೋಗದಿಂದ ಕುಗ್ಗಿದುದೂ ಉಂಟು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜೆ. ಎನ್. ಟಾಟಾ ಅವರು ಬೆಂಗಳೂರಿನ ಬಸವನಗುಡಿಯ ಬಳಿ ಜಪಾನೀಯರ ಮೇಲ್ವಿಚಾರಣೆಯಲ್ಲಿ ರೇಷ್ಮೆ ತೋಟವೊಂದನ್ನು ತೆರೆದರು. ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯ ಹೆಸರಿನಲ್ಲಿ ಅದು ಉಳಿದಿದೆ. ಹೊಸ ವೈರಿಗಳೂ ಬಂದರು. 1980ರಲ್ಲಿ ಕರ್ನಾಟಕವನ್ನು ಹೊಕ್ಕ ಊಜಿ ನೊಣವು ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಅದರ ಮರಿಯೂ ಗೂಡನ್ನು ಕೊರೆದು ಹೊರಬರುತ್ತದೆ. ಸಾದಲಿಯ ಹುಳುಮನೆಗಳ ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ ಬಂದದ್ದು ಹೀಗೆ. ಆದರೆ ಪರದೆ ತಡೆಯುವುದು ನೊಣವನ್ನು. ಮೊಟ್ಟೆಯೊಳಗೇ ಕುಳಿತು ಬಂದ ರೋಗವನ್ನಲ್ಲ. ಸಾವಿರ ಅಡಿಗೂ ಮಿಕ್ಕಿದ ಕೊಳವೆಬಾವಿಯಿಂದ ನೀರೆತ್ತಿ ಬೆಳೆದ ಸೊಪ್ಪಿನ ಬೆಲೆ ತಿಳಿದವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂಲ ಬಿತ್ತನೆಗಾದರೆ ಪ್ರತಿಯೊಂದು ತಾಯಿಯನ್ನೂ, ರೈತರಿಗೆ ಹಂಚುವ ಬಿತ್ತನೆಗಾದರೆ ಮಾದರಿಯಾಗಿ ಆಯ್ದ ತಾಯಂದಿರನ್ನೂ ಕೋಠಿಯವರು ಪರೀಕ್ಷಿಸುತ್ತಾರೆ. ಪತಂಗವನ್ನು ಪುಟ್ಟ ಒರಳಿನಲ್ಲಿ ದ್ರಾವಣದೊಡನೆ ಅರೆದು, ಅದರ ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ನೂರಾರು ಪಟ್ಟು ಹಿಗ್ಗಿಸಿ ನೋಡುತ್ತಾರೆ. ರೋಗವಿದ್ದರೆ ಅಕ್ಕಿಯ ಕಾಳಿನಾಕಾರದ ಹೊಳೆಯುವ ಕಣಗಳು ಅಲುಗುತ್ತಿರುತ್ತವೆ. ಕಂಡರೆ ಹಾಳೆ ಬೆಂಕಿಗೆ. ಕಾಣದಿದ್ದರೆ ಮೊಟ್ಟೆಗಳನ್ನು ತೊಳೆದು, ತಂಪು ಹೊತ್ತಿನಲ್ಲಿ ಕಟ್ಟಿ ಕಳುಹಿಸುತ್ತಾರೆ. ಹತ್ತು ದಿನದೊಳಗೆ ಹಾಳೆಯ ಮೇಲಿನ ಚುಕ್ಕೆಗಳು ಕಪ್ಪಾಗಿ, ಒಂದು ಮುಂಜಾನೆ ಎಳೆಸೊಪ್ಪಿನ ವಾಸನೆಗೆ ಕೂದಲೆಳೆಯಂತಹ ಮರಿಗಳು ತಲೆಯೆತ್ತುತ್ತವೆ.