ದಿನಕ್ಕೆ ಹತ್ತು ಸಾಲು

ಪ್ರತಿ ವರ್ಷ ಸಂಚಿಕೆಗೆ ಲೇಖನ ಕೇಳಿದಾಗ ನಮಗೆ ಸಿಗುವ ಉತ್ತರ ಮೂರೇ. "ಸಮಯ ಎಲ್ಲಿದೆ ಮಾರಾಯ್ರೇ?" "ನಮ್ಮ ಬದುಕಿನಲ್ಲಿ ಬರೆಯುವಂಥದ್ದು ಏನಿದೆ?" "ನಮ್ಮ ಕನ್ನಡ ಅಷ್ಟು ಚೆನ್ನಾಗಿಲ್ಲ." ಮೂರೂ ಸುಳ್ಳು ನೆಪಗಳಲ್ಲ. ಆದರೆ ಮೂರಕ್ಕೂ ಉತ್ತರವಿದೆ.

ಅದಕ್ಕೂ ಮೊದಲು ಒಂದು ಮಾತು. ನಮಗಿಂತ ಮುಂಚೆ ಗಲ್ಫಿಗೆ ಬಂದವರು ತಮಗೆ ಗೊತ್ತಿಲ್ಲದೆಯೇ ಬರಹಗಾರರಾಗಿದ್ದರು. ಫೋನ್ ಕರೆ ದುಬಾರಿಯಾಗಿದ್ದ ಆ ಕಾಲದಲ್ಲಿ ಊರಿಗೆ ಕಾಗದ ಬರೆಯಲೇಬೇಕಿತ್ತು. ಕೆಲಸ, ಸೆಕೆ, ಊಟ, ಜೊತೆಗಾರರ ಸುದ್ದಿ ಎಲ್ಲವೂ ಅದರಲ್ಲಿ ಸೇರುತ್ತಿತ್ತು. ರಜೆಗೆ ಹೋಗುವವರ ಕೈಯಲ್ಲಿ ಕಾಗದದ ಜೊತೆ ಧ್ವನಿ ತುಂಬಿದ ಕ್ಯಾಸೆಟ್ಟುಗಳೂ ಊರು ಸೇರುತ್ತಿದ್ದವು. ಕೆಲವು ಮನೆಗಳ ಟ್ರಂಕಿನಲ್ಲಿ ಆ ಕಾಗದಗಳು ಇಂದಿಗೂ ಇವೆ. ನಾವಾದರೋ ದಿನಾ ವಿಡಿಯೊ ಕರೆ ಮಾಡಿ ಗಂಟೆಗಟ್ಟಲೆ ಮಾತಾಡುತ್ತೇವೆ. ಫೋನ್ ಇಟ್ಟ ಮೇಲೆ ಉಳಿಯುವುದು ಏನೂ ಇಲ್ಲ. ಊರಿನಲ್ಲಿ ಮನೆ ಎದ್ದದ್ದು, ತಂಗಿಯ ಮದುವೆ ಆದದ್ದು ಮಕ್ಕಳಿಗೆ ಗೊತ್ತಾಗುತ್ತದೆ. ಅದಕ್ಕಾಗಿ ಇಲ್ಲಿ ಹೇಗೆ ಬದುಕಿದೆವು ಎಂಬುದನ್ನು ಅವರಿಗೆ ಹೇಳುವವರು ಯಾರು? ನಾವು ಬರೆಯದಿದ್ದರೆ ಆ ಕತೆ ನಮ್ಮೊಂದಿಗೇ ಮುಗಿಯುತ್ತದೆ.

ಸಮಯದ ಮಾತು

ಹನ್ನೆರಡು ಗಂಟೆ ದುಡಿದು ಬಂದವರಿಗೆ "ಒಂದು ಗಂಟೆ ಕೂತು ಬರೆಯಿರಿ" ಎನ್ನುವುದು ನ್ಯಾಯವಲ್ಲ. ಹತ್ತು ಸಾಲಿಗೆ ಹತ್ತು ನಿಮಿಷ ಸಾಕು. ಕ್ಯಾಂಪಿನಿಂದ ಸೈಟಿಗೆ ಹೋಗುವ ಬಸ್ಸಿನಲ್ಲಿ ಆ ಹತ್ತು ನಿಮಿಷ ಇದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನ ಕೆಲಸಕ್ಕೆ ನಿಷೇಧವಿದೆ. ಊಟ, ಸಣ್ಣ ನಿದ್ದೆ ಮುಗಿದ ಮೇಲೂ ಅಲ್ಲಿ ಒಂದಿಷ್ಟು ಹೊತ್ತು ಉಳಿಯುತ್ತದೆ. ವಾಷಿಂಗ್ ಮೆಷಿನ್ ಸರದಿಗೆ ಕಾಯುವಾಗ, ಮಕ್ಕಳ ಸ್ಕೂಲ್ ಬಸ್ಸಿಗೆ ನಿಂತಾಗ ಸಿಗುವುದೂ ಸಮಯವೇ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಸರ್ಕಾರಿ ಹುದ್ದೆಯಲ್ಲಿದ್ದುಕೊಂಡೇ ಕತೆ ಬರೆದವರು. ಅವರ ಮೊದಲ ಕಥಾಸಂಕಲನ 1920ರಲ್ಲಿ ಬಂದಾಗಲೂ ಅವರು ನೌಕರಿಯಲ್ಲೇ ಇದ್ದರು.

ಹೊತ್ತು ಯಾವುದೇ ಇರಲಿ, ದಿನವೂ ಅದೇ ಹೊತ್ತಾಗಿರಬೇಕು. ನಮಾಜಿಗೆ, ಪೂಜೆಗೆ, ಪ್ರಾರ್ಥನೆಗೆ ಹೊತ್ತು ಗೊತ್ತಿರುವಂತೆ ಬರಹಕ್ಕೂ ಒಂದು ಹೊತ್ತು ಗೊತ್ತಾದರೆ ಕೈ ತಾನಾಗಿ ಪೆನ್ನು ಹುಡುಕುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಇಪ್ಪತ್ತು ಸಾಲಿನ ಸಾಲ ತೀರಿಸುವುದು ಬೇಡ. ಮತ್ತೆ ಹತ್ತೇ ಸಾಲು.

ಏನು ಬರೆಯುವುದು?

ಹನ್ನೆರಡನೇ ಶತಮಾನದ ವಚನಕಾರರನ್ನು ನೆನಪಿಸಿಕೊಳ್ಳಿ. ಮಡಿವಾಳ ಮಾಚಿದೇವರು ಬಟ್ಟೆ ಒಗೆಯುವವರು, ಅಂಬಿಗರ ಚೌಡಯ್ಯ ದೋಣಿ ನಡೆಸುವವರು, ನುಲಿಯ ಚಂದಯ್ಯ ಹಗ್ಗ ಹೊಸೆಯುವವರು, ಮೇದಾರ ಕೇತಯ್ಯ ಬಿದಿರಿನ ಬುಟ್ಟಿ ಹೆಣೆಯುವವರು. ಆಯ್ದಕ್ಕಿ ಲಕ್ಕಮ್ಮನ ಮನೆಯ ಕಾಯಕ ಬಿದ್ದ ಅಕ್ಕಿ ಆಯುವುದು. ದುಡಿಮೆ ಬಿಟ್ಟು ಬಂದು ಬರೆದವರಲ್ಲ ಇವರು. ದುಡಿಮೆಯ ಮಾತನ್ನೇ ವಚನಕ್ಕೆ ತಂದವರು. ಹಾಗಾದರೆ ಕ್ರೇನ್ ನಡೆಸುವವರ, ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವವರ, ರಾತ್ರಿ ಪಾಳಿಯ ನರ್ಸುಗಳ ಮಾತು ಕನ್ನಡಕ್ಕೆ ಏಕೆ ಬೇಡ?

ದೊಡ್ಡ ವಿಷಯ ಹುಡುಕಬೇಡಿ. ಕೋಣೆಯಲ್ಲಿ ಆರು ಜನ ಆರು ಭಾಷೆಯಲ್ಲಿ ಜಗಳವಾಡಿ ಹಿಂದಿಯಲ್ಲಿ ರಾಜಿಯಾದದ್ದು, ಊರಿಂದ ಬಂದ ಹಪ್ಪಳದ ಡಬ್ಬ ಎಷ್ಟು ದಿನ ಬಾಳಿತು ಎಂಬುದು, ಮೊದಲ ಸಂಬಳ ಕಳುಹಿಸಿದ ದಿನ, ಸಾವಿನ ಸುದ್ದಿ ಬಂದಾಗ ಟಿಕೆಟ್ ಸಿಗದೆ ಫೋನಿನಲ್ಲೇ ಅಂತ್ಯಕ್ರಿಯೆ ನೋಡಿದ ದಿನ... ನಮ್ಮಲ್ಲಿ ಎಷ್ಟೋ ಜನ ಈ ಕೊನೆಯದನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಾರೆ. ಬರೆದ ಮಾತ್ರಕ್ಕೆ ದುಃಖ ಹೋಗುವುದಿಲ್ಲ. ಆದರೆ ಹೇಳಿಕೊಳ್ಳಲು ಜನವಿಲ್ಲದ ರಾತ್ರಿಗೆ ನೋಟ್‌ಬುಕ್ ಒಂದು ಜೊತೆ.

ಒಂದು ಎಚ್ಚರಿಕೆಯೂ ಇರಲಿ. ಸ್ವಂತ ನೋಟ್‌ಬುಕ್ ನಿಮ್ಮದೇ; ಆದರೆ ಮೊಬೈಲಿನಲ್ಲಿ ಹತ್ತು ಜನರಿಗೆ ಕಳುಹಿಸುವಾಗ ಇತರರ ಹೆಸರು, ಫೋಟೊಗಳನ್ನು ಅವರ ಒಪ್ಪಿಗೆ ಇಲ್ಲದೆ ಹಾಕಬೇಡಿ. ಇಲ್ಲಿನ ಕಾನೂನು ಈ ವಿಷಯದಲ್ಲಿ ಕಟ್ಟುನಿಟ್ಟು.

ಯಾವ ಕನ್ನಡದಲ್ಲಿ?

ನಮ್ಮಲ್ಲಿ ಅನೇಕರ ಮನೆಮಾತು ತುಳು, ಬ್ಯಾರಿ, ಕೊಂಕಣಿ, ನವಾಯತಿ, ಕೊಡವ. ಕನ್ನಡ ನಮಗೆ ಶಾಲೆಯಲ್ಲಿ ಸಿಕ್ಕ ಭಾಷೆ, ಕಾಗದದ ಭಾಷೆ. ಹಾಗಾಗಿ ಬರೆಯಲು ಕೂತಾಗ ಮೇಷ್ಟ್ರ ಕೆಂಪು ಶಾಯಿ ನೆನಪಾಗುತ್ತದೆ. ಅದನ್ನು ಪಕ್ಕಕ್ಕಿಡಿ. ಮಂಗಳೂರಿನವರು ಮಂಗಳೂರಿನಂತೆ, ಧಾರವಾಡದವರು ಧಾರವಾಡದಂತೆ ಬರೆಯಲಿ. "ಹಲಾಸ್", "ಮಾಫಿ ಮುಷ್ಕಿಲ್", "ಇಖಾಮಾ" ನಡುವೆ ಬಂದರೆ ಬರಲಿ. ಅವೂ ಈಗ ನಮ್ಮ ಕನ್ನಡವೇ. ಟೈಪಿಂಗ್ ಕಷ್ಟವಾದರೆ ಮೊಬೈಲಿನ ಕೀಬೋರ್ಡಿನಲ್ಲಿ ಕನ್ನಡ ಆರಿಸಿ ಮೈಕ್ ಒತ್ತಿ ಮಾತಾಡಿ. ಅಕ್ಷರ ಮೂಡುತ್ತದೆ. ತಪ್ಪು ಆಮೇಲೆ ತಿದ್ದಬಹುದು.

ಬರೆದ ಹತ್ತು ಸಾಲನ್ನು ವಾರಕ್ಕೊಮ್ಮೆ ರಜೆಯ ದಿನ ಕೋಣೆಯವರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು ನಕ್ಕ ಕಡೆ ಉಳಿಸಿ, ಆಕಳಿಸಿದ ಕಡೆ ಕತ್ತರಿಸಿ. ಇದಕ್ಕಿಂತ ಒಳ್ಳೆಯ ಸಂಪಾದಕರು ನಮಗೂ ಸಿಕ್ಕಿಲ್ಲ.

ದಿನಕ್ಕೆ ಹತ್ತು ಸಾಲೆಂದರೆ ವರ್ಷಕ್ಕೆ 3,650 ಸಾಲು. ಅದರಲ್ಲಿ ನೂರು ಸಾಲು ಚೆನ್ನಾಗಿ ಬಂದರೂ ಮುಂದಿನ ಸಂಚಿಕೆಗೆ ಒಂದು ಲೇಖನವಾಯಿತು. ಉಳಿದದ್ದು ನಿಮ್ಮ ಮಕ್ಕಳಿಗೆ. ಇವತ್ತಿನ ಹತ್ತು ಸಾಲು ಇವತ್ತೇ ಶುರುವಾಗಲಿ.