ಹಳೆಯ ಜಾವಾದ ಜೀರ್ಣೋದ್ಧಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಹಳೆಯ ಮೋಟಾರು ಸೈಕಲ್ಲು ಕೊಂಡು ನೋಡು ಎಂಬ ಮೂರನೆಯ ಮಾತನ್ನು ನಾನು ಸೇರಿಸುತ್ತೇನೆ. ವ್ಯಾಕರಣ ಪಾಠ ಹೇಳುವ ಪಂಡಿತನಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಓಲೆಗರಿಯ ಪ್ರತಿಯನ್ನು ಪರಿಷ್ಕರಿಸುವುದಕ್ಕೂ ಹಳೆಯ ಗಾಡಿಯನ್ನು ಸರಿಪಡಿಸುವುದಕ್ಕೂ ನಿಯಮ ಒಂದೇ ಎಂಬುದು ನನ್ನ ಅನುಭವ. ಇರುವುದನ್ನು ಮೊದಲು ಓದಬೇಕು, ತಿದ್ದುವುದು ಆಮೇಲೆ.

ನಾನು ಹೇಳಹೊರಟಿರುವುದು ಮೈಸೂರಿನ ಜಾವಾ ಗಾಡಿಯ ವಿಷಯ. ಅದರ ತವರು ಚೆಕೊಸ್ಲೊವಾಕಿಯ. ೧೯೨೯ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಸಂಸ್ಥೆಯಿಂದ ಮೋಟಾರು ಸೈಕಲ್ಲು ತಯಾರಿಸುವ ಹಕ್ಕನ್ನು ಕೊಂಡು, ಎರಡು ಹೆಸರುಗಳ ಆದಿಯನ್ನು ಕೂಡಿಸಿ ಈ ನಾಮಕರಣ ಮಾಡಿದನು. ತವರಿನಲ್ಲಿ ಅದು ‘ಯಾವಾ’. ನಮ್ಮಲ್ಲಿ ಯಕಾರಕ್ಕೆ ಜಕಾರ ಬಂದಿತು. ೧೯೬೧ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಇದನ್ನು ತಯಾರಿಸಿತು. ೧೯೭೦ರ ದಶಕದಲ್ಲಿ ಗಾಡಿಗೆ ಯೆಜ್ಡಿ ಎಂಬ ಹೆಸರಾಯಿತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ೨೦೧೮ರಲ್ಲಿ ಜಾವಾ ಎಂಬ ಹೆಸರಿನಿಂದಲೇ ಬಂದ ಹೊಸ ಗಾಡಿಯ ಯಂತ್ರ ಬೇರೆ ಜಾತಿಯದು. ಅದರ ಬಿಡಿಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ.

ಕೊಳ್ಳುವವರು ಮೊದಲು ನೋಡತಕ್ಕದ್ದು ಬಣ್ಣವನ್ನಲ್ಲ, ಅಂಕಿಗಳನ್ನು. ಎಂಜಿನ್ನಿನ ಮೇಲೆ ಒಂದು ಸಂಖ್ಯೆ, ಚಾಸಿಯ ಮೇಲೆ ಒಂದು ಸಂಖ್ಯೆ ಕೊರೆದಿರುತ್ತದೆ. ಎರಡೂ ಆರ್.ಸಿ. ಪುಸ್ತಕದಲ್ಲಿರುವಂತೆಯೇ ಇರಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದಕ್ಕೆ ನಾನೇ ಸಾಕ್ಷಿ. ಮೊದಲ ಸಲ ಥಳಥಳಿಸುವ ಗಾಡಿಯೊಂದಕ್ಕೆ ಮಾರುಹೋಗಿ ಹತ್ತು ಸಾವಿರ ರೂಪಾಯಿ ಮುಂಗಡ ಕೊಟ್ಟೆ. ಮನೆಗೆ ತಂದು ಚಾಸಿಯ ಮಣ್ಣು ಒರೆಸಿದರೆ ಅಂಕಿಗಳನ್ನು ಅರದಿಂದ ಉಜ್ಜಿಹಾಕಿದ್ದರು. ಗಾಡಿ ಹಿಂದಿರುಗಿತು; ಹಣ ಹಿಂದಿರುಗಲಿಲ್ಲ.

ಎರಡನೆಯ ಗಾಡಿ ನನಗೆ ಪಾಠ ಹೇಳಿದ ಮೇಷ್ಟರದು. ಅವರು ತೀರಿಹೋದ ಮೇಲೆ ಹಿತ್ತಲ ಕೊಟ್ಟಿಗೆಯಲ್ಲಿ ನಿಂತಿತ್ತು. ಮಕ್ಕಳು ಗುಜರಿಗೆ ಹಾಕಬೇಕೆಂದಾಗ ಅಮ್ಮನವರು ನನಗೆ ಹೇಳಿಕಳುಹಿಸಿದರು. “ನೀನು ತೊಗೊಂಡುಹೋಗಪ್ಪ. ಆದರೆ ಬೇರೆ ಗಾಡಿ ಮಾಡಿಬಿಡಬೇಡ” ಎಂದರು. ಪುಸ್ತಕ ಇನ್ನೂ ಮೇಷ್ಟರ ಹೆಸರಿನಲ್ಲಿತ್ತು. ಇಂಥ ಸಂದರ್ಭದಲ್ಲಿ ಮರಣಪತ್ರದೊಡನೆ ಫಾರಂ ೩೧ನ್ನು ಆರ್.ಟಿ.ಓ. ಕಚೇರಿಗೆ ಕೊಟ್ಟು ಮೊದಲು ವಾರಸುದಾರರ ಹೆಸರಿಗೆ ಮಾಡಿಸಬೇಕು. ಅನಂತರ ಫಾರಂ ೨೯ ಮತ್ತು ೩೦ರ ಮೂಲಕ ಕೊಂಡವರ ಹೆಸರಿಗೆ. ಮೊದಲ ನೋಂದಣಿಯ ಅವಧಿ ೧೫ ವರ್ಷ. ಆಮೇಲೆ ಐದೈದು ವರ್ಷಕ್ಕೆ ನವೀಕರಣ.

ಇನ್ನು ಯಂತ್ರ. ಇದು ಟೂ ಸ್ಟ್ರೋಕ್ ಜಾತಿಯದು. ಪೆಟ್ರೋಲಿನ ಆವಿ ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಗೆ ಬಂದು, ಅಲ್ಲಿಂದ ಮೇಲಕ್ಕೆ ಹೋಗಿ ಉರಿಯುತ್ತದೆ. ಆದ್ದರಿಂದ ಆ ಕೋಣೆಯಲ್ಲಿ ಎಣ್ಣೆಯನ್ನು ತುಂಬಿಡುವಂತಿಲ್ಲ. ೨೫ ಪಾಲು ಪೆಟ್ರೋಲಿಗೆ ಒಂದು ಪಾಲಿನಂತೆ, ಎಂದರೆ ಲೀಟರಿಗೆ ೪೦ ಮಿಲಿಲೀಟರು, ಬೆರೆಸಿಯೇ ಹಾಕಬೇಕು. ಆ ಕೋಣೆಯ ಬಾಯಿ ಕಟ್ಟಿರುವುದು ರಬ್ಬರಿನ ಆಯಿಲ್ ಸೀಲುಗಳು. ಬಹುಕಾಲ ನಿಂತ ಗಾಡಿಯಲ್ಲಿ ಇವು ಒಣಗಿ ಬಿರಿಯುತ್ತವೆ. ಆಗ ಗೇರ್ ಪೆಟ್ಟಿಗೆಯ ಎಣ್ಣೆ ಒಳಕ್ಕೆ ಎಳೆದುಕೊಂಡು ದಟ್ಟ ಹೊಗೆಯಾಗುತ್ತದೆ. “ಈ ಗಾಡಿಗೆ ಹೊಗೆ ಸಹಜ” ಎಂದು ಮಾರುವವರು ಹೇಳುವುದುಂಟು. ಎಂಜಿನ್ನು ಕಾದ ಮೇಲೂ ಹೊಗೆ ತಗ್ಗದಿದ್ದರೆ ಸೀಲು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಕಿಡಿ ಕ್ಷೀಣವಾಗಿದ್ದರೆ ಪಾಯಿಂಟುಗಳನ್ನು ಉಜ್ಜಿ, ೦.೪ ಮಿಲಿಮೀಟರು ಸಂದಿಗೆ ಹೊಂದಿಸಿ ನೋಡಿ. ಕಿಕ್ ಕೊಡುವ ಕೋಲೂ ಗೇರು ಹಾಕುವ ಕೋಲೂ ಇದರಲ್ಲಿ ಒಂದೇ. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕು. ಎರಡು ಕೆಲಸವೂ ಸಲೀಸಾಗಿ ಆಗುವುದೇ ಎಂದು ಪರೀಕ್ಷಿಸಬೇಕು.

ಮೆಕ್ಯಾನಿಕ್ ಮೇಷ್ಟರ ಗಾಡಿಯ ಸೀಲು, ಬೇರಿಂಗು, ಬ್ರೇಕು, ಟೈರು, ವೈರುಗಳನ್ನು ಹೊಸದಾಗಿ ಹಾಕಿದರು. ತುಕ್ಕು ಹಿಡಿದ ಟ್ಯಾಂಕಿನ ಒಳಗನ್ನು ತೊಳೆದರು. ಪ್ರಾಣಕ್ಕೆ ಸಂಬಂಧಿಸಿದ ಭಾಗದಲ್ಲಿ ಜಿಪುಣತನ ಸಲ್ಲದು. ಆದರೆ “ಸಾರ್, ಬಣ್ಣ ಹೊಡೆದು, ದೊಡ್ಡ ಹ್ಯಾಂಡಲ್ ಹಾಕೋಣ, ಮದುಮಗನ ಹಾಗೆ ಕಾಣುತ್ತೆ” ಎಂದಾಗ ಬೇಡವೆಂದೆ. ಮೇಷ್ಟರ ಮೊಣಕಾಲು ತಾಗಿ ತಾಗಿ ಕೆಂಗಂದು ಬಣ್ಣ ಮಾಸಿದ ಜಾಗ ಹಾಗೆಯೇ ಉಳಿಯಿತು.

ಕಾಯಿದೆಯೂ ಮೂಲರೂಪವನ್ನು ಮನ್ನಿಸುತ್ತದೆ. ೨೦೨೧ರ ಕೇಂದ್ರ ನಿಯಮದಂತೆ, ೫೦ ವರ್ಷ ದಾಟಿ, ಚಾಸಿ, ಎಂಜಿನ್ನು ಮಾರ್ಪಡದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅಂಥ ಗಾಡಿಯನ್ನು ದಿನಬಳಕೆಗೆ ತರುವಂತಿಲ್ಲ. ನಾನು ಶಾಲೆಗೆ ಓಡಿಸಬೇಕೆಂದಿದ್ದುದರಿಂದ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡೆ.

ಸಿದ್ಧವಾದ ದಿನ ಅಮ್ಮನವರ ಮನೆಯ ಕಡೆಗೆ ಹೊರಟೆ. ಬೀದಿಯ ತಿರುವಿನಲ್ಲಿ ಗಾಡಿಯ ಸದ್ದು ಕೇಳಿಸಿರಬೇಕು. ನಾನು ಮುಟ್ಟುವ ಹೊತ್ತಿಗೆ ಅವರು ಬಾಗಿಲು ತೆಗೆದು ನಿಂತಿದ್ದರು. ಟ್ಯಾಂಕಿನ ಮಾಸಿದ ಜಾಗದ ಮೇಲೆ ಒಮ್ಮೆ ಕೈಯಾಡಿಸಿ, “ಕಾಫಿ ಕುಡಿದು ಹೋಗು” ಎಂದರು.