ನೆಲಗಲ್ಲಿನ ಮೇಲೆ ಹುಲಿ-ಕುರಿ

ಇಂಗ್ಲೆಂಡಿನ ಕೆಟರಿಂಗ್‌ನಲ್ಲಿ ವಿಕ್‌ಸ್ಟೀಡ್ ಪಾರ್ಕ್ ಎಂಬ ಉದ್ಯಾನವಿದೆ. ದೋಣಿಯಲ್ಲಿ ಕೂತು ಸರ್ರನೆ ಕೆರೆಗಿಳಿಯುವ ಅಲ್ಲಿನ ಜಾರುಬಂಡಿ 1926ರದು. ಹಳೆಯ ಚರ್ಚು, ಬಂಗಲೆಗಳಂತೆ ಅದೂ ಸಂರಕ್ಷಿತ ಪಟ್ಟಿಯಲ್ಲಿದೆ. ನಮ್ಮ ಬೆಂಗಳೂರಿನ ಆರ್.ಟಿ. ನಗರ, ಯಲಹಂಕದ ಕಡೆ ಪಾರ್ಕಿನ ಜಾರುಬಂಡಿ ತುಕ್ಕು ಹಿಡಿದರೆ ಗುಜರಿಗೆ, ಅಷ್ಟೇ.

ಆದರೆ ಅದಕ್ಕಿಂತ ಎಷ್ಟೋ ಹಳೆಯ ಆಟದ ಸಲಕರಣೆ ನಮ್ಮಲ್ಲೂ ಉಳಿದಿದೆ, ಕಲ್ಲಿನಲ್ಲಿ. ಹಂಪಿಗೆ ಹೋದವರು ಕಂಬ, ಗೋಪುರ ನೋಡಿ ಕತ್ತು ನೋಯಿಸಿಕೊಳ್ಳುತ್ತಾರೆ. ಮಂಟಪದ ನೆಲ ನೋಡುವವರು ಕಡಿಮೆ. ಅಲ್ಲಿನ ಚಪ್ಪಡಿಗಳಲ್ಲಿ ಒಂದೇ ತುದಿಯಿಂದ ಹರಡುವ ಗೆರೆಗಳ ತ್ರಿಕೋನ ಕಂಡರೆ ಅದು ಹುಲಿ-ಕುರಿ ಆಟದ ಮನೆ. 3 ಹುಲಿ, 15 ಕುರಿ. ಹುಲಿ ಕುರಿಯ ಮೇಲೆ ಹಾರಿ ತಿನ್ನಬೇಕು, ಕುರಿಗಳು ಸುತ್ತುವರಿದು ಹುಲಿಯನ್ನು ಕಟ್ಟಿಹಾಕಬೇಕು. ಎರಡು ಸಾಲು ಗುಳಿಗಳಿದ್ದರೆ, ಸಾಲಿಗೆ ಏಳರಂತೆ, ಅಳಗುಳಿಮನೆ. ಕೈಯಲ್ಲಿ ಹುಣಸೆಬೀಜವಿದ್ದರೆ ಆಟಕ್ಕೆ ಇನ್ನೇನೂ ಬೇಡ.

ಕೆತ್ತಿದವರು ಕಲ್ಲುಕುಟಿಗರೋ, ಕಾವಲಿನವರೋ, ನೆರಳಿಗೆ ಕೂತ ಯಾತ್ರಿಕರೋ, ಹೆಸರು-ಇಸವಿ ಬರೆದಿಟ್ಟಿಲ್ಲ. ಇಂಥ ಆಟಗಳನ್ನು ಅಕ್ಕರೆಯಿಂದ ದಾಖಲಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868). ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗ ಆಟಗಳಿಗೇ ಮೀಸಲು. ಈಗ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳಲ್ಲಿ ಅವನ್ನು ಮತ್ತೆ ಆಡಿಸುತ್ತಿದೆ.

ಕಾನೂನಿನ ತಮಾಷೆ ನೋಡಿ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಸಂರಕ್ಷಿತ ಮಂಟಪದ ಮೇಲೆ ಇವತ್ತು ಯಾರಾದರೂ ಹುಲಿ-ಕುರಿ ಮನೆ ಕೊರೆದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಿಂದಿನವರು ಕೊರೆದದ್ದಕ್ಕೆ ಅದೇ ಕಾಯ್ದೆಯ ಕಾವಲು! ಆ ಕಾವಲೂ ಮಂಟಪದ ದೆಸೆಯಿಂದ ಸಿಕ್ಕಿದ್ದು, ಆಟದ ಲೆಕ್ಕದಲ್ಲಲ್ಲ. ಪಟ್ಟಿಗೆ ಸೇರದ ಊರಗುಡಿಯ ಕಟ್ಟೆಗೆ ಅದೂ ಇಲ್ಲ. ಜೀರ್ಣೋದ್ಧಾರವೆಂದರೆ ನಮಗೆ ಮೊದಲು ಹೊಳೆಯುವುದು ಹೊಳೆಯುವ ಗ್ರಾನೈಟು. ಹಳೆಯ ಚಪ್ಪಡಿ ಅದರಡಿ ಸೇರುತ್ತದೆ.

ಹೆಬ್ಬಾಳದಲ್ಲಿ ಕ್ರಿ.ಶ. 750ರ ಸುಮಾರಿನ ಕಿಟ್ಟಯ್ಯ ಎಂಬ ವೀರನ ಶಾಸನ ಬೆಳಕಿಗೆ ಬಂದದ್ದೇ 2018ರಲ್ಲಿ. ಹಳೆಯ ಕಲ್ಲು ಇನ್ನೂ ಕಣ್ಣಿಗೆ ಬೀಳದೆ ಉಳಿದಿರಬಹುದಾದ ನೆಲ ನಮ್ಮದು. ನಿಮ್ಮೂರಿನ ಗುಡಿಗೆ ಹೊಸ ನೆಲ ಹಾಸುವ ಮಾತು ಬಂದರೆ, ಮೊದಲು ಬೆಳಗಿನ ಓರೆ ಬಿಸಿಲಿನಲ್ಲಿ ಹಳೆಯ ಚಪ್ಪಡಿಗಳನ್ನು ಗುಡಿಸಿ ನೋಡಿ. ಗೆರೆ, ಗುಳಿ ಕಂಡರೆ ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಆ ಒಂದು ಚಪ್ಪಡಿಯನ್ನಾದರೂ ಇದ್ದ ಜಾಗದಲ್ಲೇ ಉಳಿಸಿ.